ಚಂದ್ರಯಾತ್ರೆಯ ಸುದ್ದಿಯಲ್ಲಿ ಬ್ಯಾಕಪ್ ಗಗನಯಾತ್ರಿಗಳ ಹೆಸರೂ ಬರಲಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ನಾಸಾದ ಚಂದ್ರಯಾತ್ರೆ ಆರ್ಟೆಮಿಸ್ 2 ಬಗ್ಗೆ ಬಂದ ಇಡೀ ಪುಟದ ಲೇಖನ ಓದಿದೆ. ಚಿತ್ರಗಳು ಚೆನ್ನಾಗಿವೆ. ಓರಿಯನ್ ನೌಕೆಯ ವಿವರಣೆ ಮಕ್ಕಳಿಗೂ ತಿಳಿಯುವ ಹಾಗಿದೆ. ರೀಡ್ ವೈಸ್‌ಮನ್, ವಿಕ್ಟರ್ ಗ್ಲೋವರ್, ಕ್ರಿಸ್ಟಿನಾ ಕಾಕ್, ಜೆರೆಮಿ ಹ್ಯಾನ್ಸನ್, ನಾಲ್ವರ ಬಗ್ಗೆಯೂ ಒಂದೊಂದು ಪ್ಯಾರಾ ಇದೆ. ಆದರೆ ಆ್ಯಂಡ್ರೆ ಡಗ್ಲಸ್ ಮತ್ತು ಜೆನ್ನಿ ಗಿಬ್ಬನ್ಸ್ ಹೆಸರು ಎಲ್ಲೂ ಇಲ್ಲ. ಎರಡು ಸಲ ಹುಡುಕಿದೆ, ಚಿತ್ರದ ಕೆಳಗಿನ ಸಣ್ಣಕ್ಷರದಲ್ಲೂ ಇಲ್ಲ. ಆ ಬೇಸರಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಜಾಸ್ತಿ ಕತ್ತರಿ ಹಾಕಬೇಡಿ.

ಇವರಿಬ್ಬರು ಆ ಯಾತ್ರೆಯ ಬ್ಯಾಕಪ್ ಗಗನಯಾತ್ರಿಗಳು. ಗಿಬ್ಬನ್ಸ್ ಕೆನಡಾದವರು, 2023ರ ನವೆಂಬರ್‌ನಲ್ಲಿ ಅವರ ಹೆಸರು ಪ್ರಕಟವಾಯಿತು. ಹ್ಯಾನ್ಸನ್‌ಗೆ ಹುಷಾರು ತಪ್ಪಿದರೆ ಆ ಸೀಟು ಅವರದ್ದು, ಯಾಕೆಂದರೆ ಒಪ್ಪಂದದ ಪ್ರಕಾರ ಅದು ಕೆನಡಾಕ್ಕೆ ಸಿಕ್ಕ ಸೀಟು. ಡಗ್ಲಸ್ ಹೆಸರು ಬಂದದ್ದು 2024ರ ಜುಲೈನಲ್ಲಿ. ಉಳಿದ ಮೂವರು ಅಮೆರಿಕನ್ನರಲ್ಲಿ ಯಾರೇ ಹೊರಗುಳಿದರೂ ಆ ಜಾಗ ತುಂಬಬೇಕಾದವರು ಅವರೊಬ್ಬರೇ. ಮೂರು ಜನರಲ್ಲಿ ಯಾರ ಬದಲಿಗಾದರೂ ಹೋಗಲು ತಯಾರಿರಬೇಕು ಅಂದರೆ ಎಷ್ಟು ಓದಬೇಕು, ಎಷ್ಟು ಅಭ್ಯಾಸ ಮಾಡಬೇಕು, ಅದೂ ಹೋಗುತ್ತೇನೋ ಇಲ್ಲವೋ ಗೊತ್ತಿಲ್ಲದೆ.

ನಾನು ಪುಣೆಯ ಕೋಥ್ರೂಡ್‌ನಲ್ಲಿ ಇಲ್ಲಿನ ನಮ್ಮ ಮಕ್ಕಳಿಗೆ ವಾರಕ್ಕೊಮ್ಮೆ ಕನ್ನಡ ಓದಲು ಬರೆಯಲು ಕಲಿಸುತ್ತೇನೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷು ಆಡುವ ಮಕ್ಕಳು. ಅವರಿಗೆ ನಿಮ್ಮ ಪುರವಣಿಯೇ ಪಠ್ಯಪುಸ್ತಕ. ಈ ಲೇಖನವನ್ನೂ ಓದಿಸಿದೆ, ಆಮೇಲೆ ಬಿಟ್ಟುಹೋದ ಎರಡು ಹೆಸರನ್ನು ಬೋರ್ಡಿನ ಮೇಲೆ ಬರೆದು ಇವರೂ ಇದ್ದಾರೆ ನೋಡಿ ಅಂದೆ. ಎಂಟನೇ ಕ್ಲಾಸಿನ ಒಬ್ಬಳು ತಕ್ಷಣ ಕೇಳಿದಳು: "ಟೀಚರ್, ಅವರು ಹೋಗಲೇ ಇಲ್ಲ ಅಂದ್ರೆ ಕಲಿತಿದ್ದೆಲ್ಲ ವೇಸ್ಟಾ?" ಎಷ್ಟು ಸರಿಯಾದ ಪ್ರಶ್ನೆ ಅಲ್ವಾ. ದೊಡ್ಡವರೂ ಮನಸ್ಸಲ್ಲಿ ಇದನ್ನೇ ಕೇಳಿಕೊಳ್ಳುತ್ತಾರೆ, ಪತ್ರಿಕೆಗಳು ಉತ್ತರ ಕೊಡುವುದಿಲ್ಲ. ಅವಳಿಗೆ ಹೇಳಿದ್ದನ್ನೇ ಇನ್ನೊಂದಿಷ್ಟು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಫ್ರೆಡ್ ಹೇಯ್ಸ್ ಬಗ್ಗೆ ಹೇಳಬೇಕು. 1969ರ ಜುಲೈ 16ರ ಬೆಳಿಗ್ಗೆ. ಸ್ಯಾಟರ್ನ್ 5 ರಾಕೆಟ್ಟಿನ ತುದಿ, ನೆಲದಿಂದ ಸುಮಾರು ನೂರು ಮೀಟರ್ ಎತ್ತರ. ಆರ್ಮ್‌ಸ್ಟ್ರಾಂಗ್, ಕಾಲಿನ್ಸ್, ಆಲ್ಡ್ರಿನ್ ಲಿಫ್ಟ್ ಹತ್ತಿ ಬರುವ ಮೊದಲೇ ಕೊಲಂಬಿಯಾ ನೌಕೆಯೊಳಗೆ ಒಬ್ಬರು ಕೆಲಸ ಶುರು ಮಾಡಿಯಾಗಿತ್ತು. ಅವರೇ ಹೇಯ್ಸ್, ಅಪೊಲೊ 11ರ ಬ್ಯಾಕಪ್ ತಂಡದವರು. ಕೈಯಲ್ಲಿ ನಾನೂರಕ್ಕೂ ಜಾಸ್ತಿ ಹೆಜ್ಜೆಗಳ ಪಟ್ಟಿ. ಒಂದೊಂದು ಸ್ವಿಚ್ಚೂ ಇರಬೇಕಾದ ಕಡೆಯೇ ಇದೆಯಾ ಅಂತ ನೋಡಿ ಮುಂದಿನದಕ್ಕೆ ಹೋಗಬೇಕು. ಆ ಮೂವರು ಬಂದ ಮೇಲೆ ಇಕ್ಕಟ್ಟಿನ ಆ ಜಾಗದಲ್ಲೇ ಅವರನ್ನು ಸೀಟಿಗೆ ಬಿಗಿಯಲು ನೆರವಾಗಿ ಹೊರಗೆ ಬಂದರು, ಬಾಗಿಲು ಮುಚ್ಚಿತು. ಚಂದ್ರನಿಗೆ ಹೊರಟ ನೌಕೆಯ ಸ್ವಿಚ್ಚುಗಳನ್ನು ಕೊನೆಯದಾಗಿ ಒಂದು ಸುತ್ತು ಪೂರಾ ನೋಡಿದ್ದು ಅದರಲ್ಲಿ ಹೋಗದ ಮನುಷ್ಯ. ಆರ್ಮ್‌ಸ್ಟ್ರಾಂಗ್ ಕಾಲಿಟ್ಟ ಕಥೆ ಹೇಳುವಾಗ ಈ ಒಂದು ಸಾಲು ಸೇರಿಸಲು ಎಷ್ಟು ಜಾಗ ಬೇಕು ಹೇಳಿ?

ನಮ್ಮ ಕಡೆಯ ರೈಲು ಪ್ರಯಾಣಿಕರಿಗೆ ಇದು ಬೇಗ ಅರ್ಥವಾಗುತ್ತದೆ. ಮುಂಬೈಯಿಂದ ಪುಣೆಗೆ ಬರುವ ಗಾಡಿಗೆ ಕರ್ಜತ್‌ನಲ್ಲಿ ಹಿಂದಿನಿಂದ ಬ್ಯಾಂಕರ್ ಎಂಜಿನ್ ಜೋಡಿಸುತ್ತಾರೆ. ಭೋರ್ ಘಾಟಿನ ಏರನ್ನು ಹತ್ತುವವರೆಗೂ ಅದು ನೂಕುತ್ತದೆ, ಮೇಲೆ ಬಂದ ಮೇಲೆ ಬಿಚ್ಚಿಕೊಂಡು ಹಿಂದೆ ಉಳಿಯುತ್ತದೆ. ಪುಣೆ ಸ್ಟೇಷನ್ನಿನಲ್ಲಿ ಇಳಿದವರು ಮುಂದಿನ ಎಂಜಿನ್ನನ್ನು ಮಾತ್ರ ನೋಡುತ್ತಾರೆ. ಬ್ಯಾಕಪ್ ತಂಡದ ಕೆಲಸವೂ ಮುಕ್ಕಾಲು ಪಾಲು ಇಂಥದ್ದೇ. ಯಾರಿಗಾದರೂ ಕಾಯಿಲೆ ಬರಲಿ ಅಂತ ಬೆಂಚಿನ ಮೇಲೆ ಕಾಯುವುದಲ್ಲ ಅದು. ಒಬ್ಬ ಕಮಾಂಡರ್ ಒಂದೇ ದಿನ ಸಿಮ್ಯುಲೇಟರಿನಲ್ಲೂ (ನೌಕೆಯ ಹಾಗೇ ಇರುವ ನೆಲದ ಮೇಲಿನ ತರಬೇತಿ ಯಂತ್ರ) ಇದ್ದು, ಕಾರ್ಖಾನೆಯಲ್ಲಿ ನೌಕೆಯ ಪರೀಕ್ಷೆಗೂ ಹೋಗಿ, ಯೋಜನೆ ಬದಲಿಸುವ ಮೀಟಿಂಗಿನಲ್ಲೂ ಕೂರುವುದು ಆಗದ ಮಾತು. ಅವರ ಬದಲಿಗೆ ಬ್ಯಾಕಪ್ ಹೋಗುತ್ತಾರೆ, ಅವರಷ್ಟೇ ತಿಳಿದವರಾಗಿ ಹೋಗುತ್ತಾರೆ, ಬಂದು ಎಲ್ಲ ಒಪ್ಪಿಸುತ್ತಾರೆ. ಹೊಸ ವಿಧಾನಗಳನ್ನು ಎಷ್ಟೋ ಸಲ ಅವರೇ ಮೊದಲು ಮಾಡಿ ನೋಡುತ್ತಾರೆ.

ಇನ್ನೊಂದು ವಿಷಯ. ಒಬ್ಬರಿಗೆ ಹುಷಾರಿಲ್ಲ ಅಂದರೆ ಉಡಾವಣೆಯನ್ನೇ ನಾಲ್ಕು ದಿನ ಮುಂದೂಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಚಂದ್ರನ ವಿಷಯದಲ್ಲಿ ಅದು ಅಷ್ಟು ಸುಲಭವಲ್ಲ. ಅಪೊಲೊ ಕಾಲದಲ್ಲಿ ಇಳಿಯುವ ಜಾಗದ ಮೇಲೆ ಬೆಳಗಿನ ಎಳೆಬಿಸಿಲು ಓರೆಯಾಗಿ ಬೀಳುತ್ತಿರಬೇಕಿತ್ತು, ಆಗ ಮಾತ್ರ ಬಂಡೆ ಗುಂಡಿಗಳ ನೆರಳು ಉದ್ದಕ್ಕೆ ಚಾಚಿ ಕಣ್ಣಿಗೆ ಸರಿಯಾಗಿ ಕಾಣುತ್ತಿದ್ದವು. ಬಿಸಿಲು ನೆತ್ತಿಗೆ ಬಂದರೆ ನೆಲವೆಲ್ಲ ಒಂದೇ ಬಣ್ಣ, ಎಲ್ಲಿ ಗುಂಡಿ ಎಲ್ಲಿ ಸಮ ಗೊತ್ತಾಗುವುದಿಲ್ಲ. ಅಂಥ ದಿನಗಳು ಒಂದು ಜಾಗಕ್ಕೆ ತಿಂಗಳಲ್ಲಿ ಕೆಲವೇ ಕೆಲವು. ಅದು ತಪ್ಪಿದರೆ ಮುಂದಿನ ತಿಂಗಳವರೆಗೆ ಕಾಯಬೇಕು, ರಾಕೆಟ್ಟು ನಿಂತಲ್ಲೇ ನಿಂತಿರಬೇಕು, ಸಾವಿರಾರು ಜನ ಕಾಯಬೇಕು. ಒಬ್ಬರ ಬದಲು ಇನ್ನೊಬ್ಬರನ್ನು ಕೂರಿಸುವ ತಯಾರಿ ಯಾಕೆ ಬೇಕಿತ್ತು ಎಂಬುದಕ್ಕೆ ಇದೇ ದೊಡ್ಡ ಕಾರಣ.

ಅದು ನಿಜವಾಗಿ ನಡೆದದ್ದು ಅಪೊಲೊ 13ರಲ್ಲಿ. ಜಿಮ್ ಲವೆಲ್, ಕೆನ್ ಮ್ಯಾಟಿಂಗ್ಲಿ, ಫ್ರೆಡ್ ಹೇಯ್ಸ್ ಹೋಗಬೇಕಾದವರು. ಜಾನ್ ಯಂಗ್, ಜ್ಯಾಕ್ ಸ್ವಿಗರ್ಟ್, ಚಾರ್ಲಿ ಡ್ಯೂಕ್ ಬ್ಯಾಕಪ್. ಉಡಾವಣೆ ಹತ್ತಿರ ಬಂದಾಗ ಡ್ಯೂಕ್‌ಗೆ ಪರಿಚಯದವರ ಮಗುವಿನಿಂದ ರುಬೆಲ್ಲಾ, ಅದೇ ಜರ್ಮನ್ ಮೀಸಲ್ಸ್, ಅಂಟಿಕೊಂಡಿತು. ಎರಡೂ ತಂಡ ಒಟ್ಟಿಗೇ ಕೆಲಸ ಮಾಡುತ್ತಿದ್ದರಲ್ಲ, ಎಲ್ಲರ ರಕ್ತ ಪರೀಕ್ಷೆ ಆಯಿತು. ಲವೆಲ್‌ಗೂ ಹೇಯ್ಸ್‌ಗೂ ರೋಗ ತಡೆಯುವ ಶಕ್ತಿ ಇತ್ತು, ಮ್ಯಾಟಿಂಗ್ಲಿಗೆ ಇರಲಿಲ್ಲ. ಚಂದ್ರನ ಸುತ್ತ ಒಬ್ಬರೇ ನೌಕೆ ನಡೆಸುವ ಹೊತ್ತಿಗೆ ಜ್ವರ ಬಂದರೆ? ಲವೆಲ್ ಒಪ್ಪದೆ ವಾದ ಮಾಡಿದರು. ಆದರೂ ಹೊರಡಲು ಎರಡು ಮೂರು ದಿನ ಇರುವಾಗ ಮ್ಯಾಟಿಂಗ್ಲಿಯನ್ನು ಇಳಿಸಿ ಸ್ವಿಗರ್ಟ್ ಅವರನ್ನು ಹತ್ತಿಸಿದರು. ಸುಮ್ನೆ ಹತ್ತಿಸಲಿಲ್ಲ. ಲವೆಲ್, ಹೇಯ್ಸ್ ಜೊತೆ ಸಿಮ್ಯುಲೇಟರಿನಲ್ಲಿ ಕೂರಿಸಿ, ಮೂವರೂ ಹೊಂದಿಕೊಂಡು ಕೆಲಸ ಮಾಡುತ್ತಾರಾ ಅಂತ ನೋಡಿದ ಮೇಲೆಯೇ ಹೂಂ ಅಂದದ್ದು. ಎಷ್ಟು ಗಡಿಬಿಡಿ ಅಂದರೆ ಸ್ವಿಗರ್ಟ್ ಆ ವರ್ಷದ ಆದಾಯ ತೆರಿಗೆಯ ಕಾಗದ ಸಲ್ಲಿಸುವುದನ್ನೇ ಮರೆತು ಹೊರಟುಬಿಟ್ಟಿದ್ದರು, ದಾರಿಯಲ್ಲಿ ನೆನಪಾಗಿ ರೇಡಿಯೋದಲ್ಲಿ ಹೇಳಿಕೊಂಡರು.

1970ರ ಏಪ್ರಿಲ್ 11ಕ್ಕೆ ಹೊರಟರು. ಏಪ್ರಿಲ್ 13ರ ರಾತ್ರಿ, ಭೂಮಿಯಿಂದ ಮೂರು ಲಕ್ಷ ಕಿಲೋಮೀಟರಿಗೂ ದೂರದಲ್ಲಿ ಆಮ್ಲಜನಕದ ಟ್ಯಾಂಕು ಸಿಡಿಯಿತು. ಚಂದ್ರನ ಮೇಲೆ ಇಳಿಯುವುದು ಬಿಟ್ಟು, ಇಳಿಯಲು ಒಯ್ದಿದ್ದ ಸಣ್ಣ ನೌಕೆಯಲ್ಲಿ ಆಸರೆ ಪಡೆದು ಮರಳಿದ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಬ್ಯಾಕಪ್ ಪಾಲು ಎಷ್ಟು ಅನ್ನುವುದು ಅಷ್ಟಾಗಿ ಗೊತ್ತಿಲ್ಲ. ಮೇಲೆ ಇದ್ದ ಸ್ವಿಗರ್ಟ್ ಸುಮ್ನೆ ಸಿಕ್ಕಿದ ಬದಲಿ ಆಗಿರಲಿಲ್ಲ, ಆ ಮುಖ್ಯ ನೌಕೆ ಕೆಟ್ಟರೆ ಏನು ಮಾಡಬೇಕು ಎಂಬ ವಿಧಾನಗಳನ್ನು ರೂಪಿಸುವುದರಲ್ಲೇ ಪಳಗಿದವರು. ಕೆಳಗೆ ಉಳಿದ ಮ್ಯಾಟಿಂಗ್ಲಿ ಹೂಸ್ಟನ್ ಕೇಂದ್ರಕ್ಕೆ ಬಂದು ಕೆಲಸಕ್ಕೆ ಇಳಿದರು. ಮುಖ್ಯ ನೌಕೆಯ ವಿದ್ಯುತ್ತನ್ನು ಪೂರ್ತಿ ಆರಿಸಿಬಿಟ್ಟಿದ್ದರು. ಒಳಗೆಲ್ಲ ಕೊರೆಯುವ ಚಳಿ, ಗೋಡೆ ಮೇಲೆ, ಸ್ವಿಚ್ಚುಗಳ ಮೇಲೆ ನೀರಹನಿ. ಭೂಮಿಗೆ ಮರಳುವ ಮುಂಚೆ ಅದನ್ನು ಮತ್ತೆ ಎಬ್ಬಿಸಬೇಕು, ಬ್ಯಾಟರಿಯಲ್ಲಿ ಇರುವ ಚೂರು ಕರೆಂಟಿನಲ್ಲೇ ಎಬ್ಬಿಸಬೇಕು, ಆ ಥರ ಎಬ್ಬಿಸುವ ಕ್ರಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಎಂಜಿನಿಯರುಗಳು ಲೆಕ್ಕ ಹಾಕಿ ಕ್ರಮ ಬರೆದರು, ಮ್ಯಾಟಿಂಗ್ಲಿಯಂಥವರು ಅದು ನಡೆಯುತ್ತದಾ ಅಂತ ಸಿಮ್ಯುಲೇಟರಿನಲ್ಲಿ ಮಾಡಿ ನೋಡಿದರು. ಮೊದಲು ಯಾವುದು, ಆಮೇಲೆ ಯಾವುದು ಅಂತ ತಿದ್ದಿದ ಆ ಪಟ್ಟಿಯನ್ನು ಕೆಳಗಿನಿಂದ ಓದಿ ಹೇಳಿದರು, ಸ್ವಿಗರ್ಟ್ ಮೇಲೆ ಕೂತು ಕೈಯಲ್ಲಿ ಬರೆದುಕೊಂಡರು. 17ನೇ ತಾರೀಕು ಮೂವರೂ ಜೀವಂತ ಬಂದಿಳಿದರು.

ನನ್ನ ಮಟ್ಟಿಗೆ ಅಪೊಲೊ 13 ಅಂದರೆ ಐದಾರು ಗಗನಯಾತ್ರಿಗಳ ಯಾತ್ರೆ. ಮೂವರು ಮೇಲಿದ್ದರು, ಉಳಿದವರು ಕೆಳಗಿದ್ದರು, ಅಷ್ಟೇ. ಆ ನೌಕೆಯ ಒಂದೊಂದು ಸ್ವಿಚ್ಚು ಬೆರಳ ತುದಿಯಲ್ಲಿದ್ದ, ಅದೇ ಯಾತ್ರೆಗೆ ಕಲಿತಿದ್ದ ಇನ್ನೊಬ್ಬ ಪೈಲಟ್ ನೆಲದ ಮೇಲೆ ಇದ್ದದ್ದು ಆ ಮೂವರಿಗೆ ದೊಡ್ಡ ಆಸರೆಯಾಯಿತು. ಅಂದಹಾಗೆ ಮ್ಯಾಟಿಂಗ್ಲಿಗೆ ರುಬೆಲ್ಲಾ ಬರಲೇ ಇಲ್ಲ. 1972ರ ಏಪ್ರಿಲ್‌ನಲ್ಲಿ ಅಪೊಲೊ 16ರಲ್ಲಿ ಅವರು ಚಂದ್ರನಿಗೆ ಹೋಗಿಬಂದರು. ಜೊತೆಗೆ ಯಾರು? ಯಂಗ್ ಮತ್ತು ಅದೇ ಡ್ಯೂಕ್.

ಬ್ಯಾಕಪ್ ಆದವರಿಗೆ ಮುಂದೆ ಸೀಟು ಸಿಗುವ ಕ್ರಮವೂ ಇತ್ತು. ತಂಡಗಳನ್ನು ಆರಿಸುತ್ತಿದ್ದ ಡೀಕ್ ಸ್ಲೇಟನ್ ಸಾಮಾನ್ಯವಾಗಿ ಪಾಲಿಸುತ್ತಿದ್ದ ಪದ್ಧತಿ ಏನೆಂದರೆ, ಒಂದು ಯಾತ್ರೆಗೆ ಬ್ಯಾಕಪ್ ಆದ ತಂಡ ನಡುವಿನ ಎರಡನ್ನು ಬಿಟ್ಟು ಮೂರನೆಯದಕ್ಕೆ ತಾವೇ ಹೋಗುವುದು. ಅಪೊಲೊ 9ರ ಬ್ಯಾಕಪ್ ತಂಡ ಅಪೊಲೊ 12ರಲ್ಲಿ ಹೋಯಿತು, 12ರದ್ದು 15ರಲ್ಲಿ ಹೋಯಿತು. ಆರ್ಮ್‌ಸ್ಟ್ರಾಂಗ್ ಅಪೊಲೊ 8ಕ್ಕೆ ಬ್ಯಾಕಪ್ ಕಮಾಂಡರ್, ಹಾಗಾಗಿ ಅವರ ಪಾಳಿ 11ಕ್ಕೆ ಬಂತು. ಇನ್ನೂ ಒಂದಿದೆ. ಅಪೊಲೊ 8ರಲ್ಲಿ ಹೋಗಬೇಕಿದ್ದ ಮೈಕಲ್ ಕಾಲಿನ್ಸ್‌ಗೆ ಕುತ್ತಿಗೆಯ ಮೂಳೆಯ ತೊಂದರೆಯಾಗಿ ಶಸ್ತ್ರಚಿಕಿತ್ಸೆ ಆಯಿತು, ಆ ಜಾಗಕ್ಕೆ ಆರ್ಮ್‌ಸ್ಟ್ರಾಂಗ್ ತಂಡದಲ್ಲಿದ್ದ ಲವೆಲ್ ಏರಿದರು. ಲವೆಲ್ 1968ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತಿ ಬಂದರು, ವಾಸಿಯಾದ ಕಾಲಿನ್ಸ್ ಅಪೊಲೊ 11ಕ್ಕೆ ಬಂದರು. ಇಡೀ ಜಗತ್ತಿಗೆ ಬಾಯಿಪಾಠವಾಗಿರುವ ಆ ಮೂರು ಹೆಸರು ಒಟ್ಟಾದದ್ದೇ ಬ್ಯಾಕಪ್ ಲೆಕ್ಕಾಚಾರದಿಂದ.

ಆಲ್ಡ್ರಿನ್ ಕಥೆ ನೋವಿನದು. 1966ರ ಫೆಬ್ರವರಿ 28ರಂದು, ಅಪೊಲೊಗೆ ಮೊದಲಿನ ಜೆಮಿನಿ ಯಾತ್ರೆಗಳಲ್ಲಿ ಒಂದಾದ ಜೆಮಿನಿ 9ಕ್ಕೆ ಹೋಗಬೇಕಿದ್ದ ಎಲಿಯಟ್ ಸೀ ಮತ್ತು ಚಾರ್ಲ್ಸ್ ಬ್ಯಾಸೆಟ್ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಬ್ಯಾಕಪ್ ಆಗಿದ್ದ ಸ್ಟಾಫರ್ಡ್ ಮತ್ತು ಸರ್ನನ್ ಆ ಯಾತ್ರೆ ಮಾಡಿದರು. ಹಿಂದಿನ ಸಾಲಿನಲ್ಲಿದ್ದ ಲವೆಲ್ ಮತ್ತು ಆಲ್ಡ್ರಿನ್ ಒಂದು ಹೆಜ್ಜೆ ಮುಂದೆ ಬಂದರು, ಅದರಿಂದ ಕೊನೆಯ ಜೆಮಿನಿ 12 ಅವರಿಗೆ ಸಿಕ್ಕಿತು. ಇಲ್ಲದಿದ್ದರೆ ಆಲ್ಡ್ರಿನ್ ಪಾಳಿ ಬರುವಷ್ಟರಲ್ಲಿ ಜೆಮಿನಿ ಮುಗಿದೇ ಹೋಗುತ್ತಿತ್ತು. ಗೆಳೆಯರು ಸತ್ತ ಜಾಗಕ್ಕೆ ಹೋಗಿ ಕೂತು ಕೆಲಸ ಮಾಡುವುದು ಸಣ್ಣ ಮಾತಲ್ಲ. ಅಪೊಲೊ 1ರ ಬೆಂಕಿಯಲ್ಲಿ 1967ರ ಜನವರಿಯಲ್ಲಿ ಗ್ರಿಸಮ್, ವೈಟ್, ಚಾಫಿ ತೀರಿಕೊಂಡಾಗ ಅವರ ಬ್ಯಾಕಪ್ ಆಗಿದ್ದ ಷಿರಾ, ಐಸೆಲ್, ಕನ್ನಿಂಗ್‌ಹ್ಯಾಮ್ ಮರು ವರ್ಷ ಅಪೊಲೊ 7ರಲ್ಲಿ ಹೋದರು. ಅವರು ಧೈರ್ಯ ಮಾಡದಿದ್ದರೆ ಚಂದ್ರನ ದಾರಿ ಅಲ್ಲೇ ನಿಲ್ಲುತ್ತಿತ್ತೋ ಏನೋ.

ರಷ್ಯನ್ನರ ಪದ್ಧತಿ ಬೇರೆ ಇತ್ತು. ಒಬ್ಬರು ಬಿದ್ದರೆ ಇಡೀ ತಂಡವನ್ನೇ ಬದಲಿಸುವುದು. 1971ರಲ್ಲಿ ಸೋಯುಜ್ 11ಕ್ಕೆ ಹೊರಡುವ ಕೆಲವೇ ದಿನ ಮೊದಲು ಕುಬಾಸೊವ್ ಶ್ವಾಸಕೋಶದಲ್ಲಿ ಕಲೆ ಕಂಡಿತೆಂದು ಲಿಯೊನೊವ್ ತಂಡವನ್ನು ಪೂರ್ತಿ ಇಳಿಸಿ ಡೊಬ್ರೊವೊಲ್ಸ್ಕಿ, ವೋಲ್ಕೊವ್, ಪಟ್ಸಾಯೆವ್ ಅವರನ್ನು ಕಳಿಸಿದರು. ಮರಳುವಾಗ ನೌಕೆಯ ಗಾಳಿ ಸೋರಿಹೋಗಿ ಮೂವರೂ ತೀರಿಕೊಂಡರು. ಅದು ಚಂದ್ರಯಾತ್ರೆಯಲ್ಲ, ಆದರೂ ಬ್ಯಾಕಪ್ ಅಂದರೆ ಪುಕ್ಕಟೆ ಹೆಸರು ಗಿಟ್ಟಿಸುವವರು ಎಂದುಕೊಂಡವರು ಇದನ್ನು ಒಮ್ಮೆ ಓದಬೇಕು.

ಸೀಟು ಸಿಗದೇ ಹೋದವರೂ ಇದ್ದಾರೆ. ಡಿಕ್ ಗೋರ್ಡನ್ ಅಪೊಲೊ 12ರಲ್ಲಿ ಚಂದ್ರನ ಸುತ್ತ ಒಬ್ಬರೇ ಸುತ್ತುತ್ತಿದ್ದರು, ಕೆಳಗೆ ಇಬ್ಬರು ಗೆಳೆಯರು ನಡೆದಾಡುತ್ತಿದ್ದರು. ಅಪೊಲೊ 15ಕ್ಕೆ ಬ್ಯಾಕಪ್ ಆದರು, 18ರಲ್ಲಿ ತಾವೇ ಇಳಿಯಬಹುದಿತ್ತು, 18 ರದ್ದಾಯಿತು. ಜೋ ಎಂಗಲ್ ಅಪೊಲೊ 14ಕ್ಕೆ ಬ್ಯಾಕಪ್, ಲೆಕ್ಕದ ಪ್ರಕಾರ 17ರಲ್ಲಿ ಇಳಿಯಬೇಕಿತ್ತು. ವಿಜ್ಞಾನಿಯೊಬ್ಬರು ಹೋಗಲೇಬೇಕೆಂಬ ಒತ್ತಾಯ ಬಂದು ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್ ಅವರಿಗೆ ಆ ಸೀಟು ಹೋಯಿತು. ಅದು ಸರಿಯಾದ ತೀರ್ಮಾನ ಅಂತಲೇ ನನಗೆ ಅನ್ನಿಸುತ್ತದೆ, ಆದರೂ ಎಂಗಲ್ ಹೆಸರು ನೆನೆಯದೆ ಅಪೊಲೊ 17ರ ಕಥೆ ಹೇಳಬಾರದು. ಇನ್ನು ನಮ್ಮ ಹೇಯ್ಸ್, 8, 11, 16, ಮೂರು ಯಾತ್ರೆಗೆ ಬ್ಯಾಕಪ್. ಹೋದದ್ದು ಒಂದೇ, ಅದೂ ಇಳಿಯಲಾಗದ 13. ಅಪೊಲೊ 19ಕ್ಕೆ ಅವರು ಕಮಾಂಡರ್ ಆಗಬಹುದಿತ್ತು, ಅದೂ ರದ್ದು. ಇಷ್ಟಾದ ಮೇಲೂ 1977ರಲ್ಲಿ ಸ್ಪೇಸ್ ಶಟಲ್ ಎಂಟರ್‌ಪ್ರೈಸನ್ನು ಗಾಳಿಯಲ್ಲಿ ತೇಲಿಸಿ ಇಳಿಸುವ ಪರೀಕ್ಷೆ ಮಾಡಿದವರಲ್ಲಿ ಅವರೂ ಒಬ್ಬರು. ಆ ಹುಡುಗಿಗೆ ನಾನು ಹೇಯ್ಸ್ ಕಥೆಯನ್ನೇ ಉತ್ತರವಾಗಿ ಹೇಳಿದೆ. ಅವರ ಕೈಯಿಂದ ಸರಿಯಾದ ಸ್ವಿಚ್ಚುಗಳೊಂದಿಗೇ ಅಪೊಲೊ 11 ಹೊರಟಿತು, ವೇಸ್ಟ್ ಎಲ್ಲಿ ಆಯಿತು ಹೇಳು ಅಂದೆ.

ನಮ್ಮ ದೇಶದ ವಿಷಯಕ್ಕೆ ಬಂದರೆ ಬೇಸರ ಇನ್ನೂ ಜಾಸ್ತಿ. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ ಹೋದರು ಅಂತ ಮಕ್ಕಳಿಗೂ ಗೊತ್ತು. ಅವರ ಜೊತೆಯಲ್ಲೇ ರಷ್ಯಾದಲ್ಲಿ ತರಬೇತಿ ಪಡೆದ ರವೀಶ್ ಮಲ್ಹೋತ್ರಾ ಎಷ್ಟು ಜನರಿಗೆ ಗೊತ್ತು? ಅಮೆರಿಕದ ಶಟಲ್‌ನಲ್ಲಿ ಹೋಗಲು ಇಸ್ರೋದ ನಾಗಪತಿ ಚಿದಂಬರ ಭಟ್ ಆಯ್ಕೆಯಾಗಿದ್ದರು, ಪಿ. ರಾಧಾಕೃಷ್ಣನ್ ಅವರ ಬ್ಯಾಕಪ್. 1986ರ ಜನವರಿಯಲ್ಲಿ ಚಾಲೆಂಜರ್ ದುರಂತವಾಗಿ ಇಬ್ಬರೂ ನೆಲದಲ್ಲೇ ಉಳಿದರು. 2025ರಲ್ಲಿ ಶುಭಾಂಶು ಶುಕ್ಲಾ ಆಕ್ಸಿಯಂ 4 ಯಾತ್ರೆಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಬ್ಯಾಕಪ್ ಆಗಿದ್ದವರು ಪ್ರಶಾಂತ್ ಬಾಲಕೃಷ್ಣನ್ ನಾಯರ್. ಆ ಉಡಾವಣೆ ಮೇ ಕೊನೆಯಿಂದ ಮತ್ತೆ ಮತ್ತೆ ಮುಂದೆ ಹೋಗಿ ಜೂನ್ 25ಕ್ಕೆ ನಡೆಯಿತು. ಪ್ರತಿ ಸಲ ತಾರೀಕು ಬದಲಾದಾಗಲೂ ಬ್ಯಾಕಪ್ ಮತ್ತೆ ಅಷ್ಟೇ ಹುಷಾರಾಗಿ ಇರಬೇಕಲ್ಲ, ಆ ಒಂದು ತಿಂಗಳನ್ನು ಅವರು ಹೇಗೆ ಕಳೆದರು ಅಂತ ಯಾವ ಪತ್ರಿಕೆಯಲ್ಲೂ ನಾನು ಓದಲಿಲ್ಲ.

ಪುಣೆಯವರಿಗೆ ಇದು ಪಕ್ಕದ ಮನೆಯ ಮಾತು. ಶರ್ಮಾ, ಶುಕ್ಲಾ, ನಾಯರ್ ಮೂವರೂ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಲ್ಲಿ (ಎನ್‌ಡಿಎ) ಕಲಿತವರು. ರಜೆ ಬಂದರೆ ಡ್ಯಾಮಿನ ದಂಡೆಗೆ ಹೋಗಿ ಸುಟ್ಟ ಜೋಳದ ತೆನೆ ತಿಂದು ಬರುವ ನಾವು ಅದೇ ನೀರಿನ ಆಚೆ ದಡದಲ್ಲಿ ಯಾರು ಯಾರು ಕಲಿತು ಹೋದರು ಅಂತ ಮಕ್ಕಳಿಗೆ ತೋರಿಸಬಹುದು. ಶುಕ್ಲಾ ಮರಳಿ ಬಂದಾಗ ನಮ್ಮ ಸೊಸೈಟಿಯ ಗೇಟಿನಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದರು, ಬಹಳ ಖುಷಿಯಾಯಿತು. ನಾಯರ್ ಫೋಟೋ ಇರಲಿಲ್ಲ. ಮಕ್ಕಳ ಕೈಯಲ್ಲಿ ಅವರ ಹೆಸರು ಬರೆಸಿ ಪಕ್ಕದಲ್ಲಿ ಅಂಟಿಸಿದೆವು, ಕಮಿಟಿಯವರೂ ಸಂತೋಷದಿಂದಲೇ ಒಪ್ಪಿದರು. ಯಾರಿಗೂ ಬೇಡ ಅಂತಿಲ್ಲ, ಗೊತ್ತಿರುವುದಿಲ್ಲ ಅಷ್ಟೇ. ಗೊತ್ತು ಮಾಡಿಸುವ ಕೆಲಸ ನಿಮ್ಮದು.

ಗಗನಯಾನಕ್ಕೆ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಕ್ಲಾ ನಾಲ್ವರ ಹೆಸರು 2024ರ ಫೆಬ್ರವರಿಯಲ್ಲೇ ಬಂದಿದೆ. ನಾಲ್ವರೂ ಒಟ್ಟಿಗೆ ಮೇಲೆ ಹೋಗುವುದಿಲ್ಲ. 2040ರ ಹೊತ್ತಿಗೆ ಚಂದ್ರನ ಮೇಲೆ ಭಾರತೀಯರು ಇಳಿಯಬೇಕೆಂಬ ಗುರಿಯೂ ಇದೆ, ಆಗ ಬ್ಯಾಕಪ್ ಆಗುವವರು ಈಗ ಯಾವುದೋ ಶಾಲೆಯಲ್ಲಿ ಓದುತ್ತಿರಬಹುದು. ಹಾಗಾಗಿ ಕೇಳುತ್ತಿದ್ದೇನೆ. ಮೊದಲ ಗಗನಯಾನದ ತಂಡ ಪ್ರಕಟವಾದ ದಿನ ಬ್ಯಾಕಪ್ ಯಾರು ಎಂಬುದನ್ನೂ ಅದೇ ಪುಟದಲ್ಲಿ, ಫೋಟೋ ಸಮೇತ ಹಾಕಿ. ಅವಕಾಶ ತಪ್ಪಿದವರು ಅಂತ ಬರೆಯಬೇಡಿ, ಅವರು ಯಾವ ಕೆಲಸ ಮಾಡುತ್ತಿದ್ದಾರೆ ಅಂತ ಬರೆಯಿರಿ. ಸಾಧ್ಯವಾದರೆ ಉಡಾವಣೆಯ ಮರುದಿನ ನಿಮ್ಮ ವರದಿಗಾರರು ನೆಲದಲ್ಲಿ ಉಳಿದವರನ್ನೇ ಮಾತಾಡಿಸಲಿ. ಹಿಂದಿನ ದಿನ ಎಷ್ಟು ಹೊತ್ತು ಕೆಲಸ ಮಾಡಿದಿರಿ, ಏನೇನು ಪರೀಕ್ಷೆ ಮಾಡಿದಿರಿ, ಈಗ ಕಂಟ್ರೋಲ್ ರೂಮಿನಲ್ಲಿ ನಿಮ್ಮ ಕೆಲಸ ಏನು ಅಂತ ಕೇಳಲಿ.

ಇಂತಿ,
ನಿಮ್ಮ ಹಳೆಯ ಓದುಗಳು
ಕೋಥ್ರೂಡ್, ಪುಣೆ